ಹೆಂಚಿನ ಮೇಲಿನ 1865: ಮುಳುಗಿದ ಹಡಗಿನ ಸಮೀಕ್ಷೆಯ ಮೂಲಕ ‘ಆಧಾರಗಳು’ ಪಾಠ

ಎಂಟನೆಯ ತರಗತಿಯ ಸಮಾಜ ವಿಜ್ಞಾನದ ‘ಆಧಾರಗಳು’ ಪಾಠ ಬೋಧನಾಭ್ಯಾಸದಲ್ಲಿ ಪ್ರಶಿಕ್ಷಣಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುವ ಪಾಠ. ಅದು ಸುಲಭವೆಂದು ಕಾಣುತ್ತದೆ. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ ಎಂದು ಕಪ್ಪುಹಲಗೆಯ ಮೇಲೆ ಕವಲು ಬರೆದು, ಶಾಸನ, ನಾಣ್ಯ, ಸ್ಮಾರಕಗಳ ಚಿತ್ರಪಟ ತೋರಿಸಿ, ನಾಲ್ಕು ಪ್ರಶ್ನೆ ಕೇಳಿದರೆ ಅವಧಿ ಮುಗಿಯುತ್ತದೆ. ಮಕ್ಕಳು ಹೆಸರುಗಳನ್ನು ತಪ್ಪಿಲ್ಲದೆ ಹೇಳುತ್ತಾರೆ. ಆದರೆ ‘ಈ ನಾಣ್ಯದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಆಧಾರದ ಹೆಸರು ಗೊತ್ತಿರುವುದು ಬೇರೆ, ಆ ಆಧಾರವನ್ನು ಎಲ್ಲಿಯವರೆಗೆ ನಂಬಬಹುದು ಎಂದು ತೂಗುವುದು ಬೇರೆ.

ಎರಡನೆಯದನ್ನು ಕಲಿಸುವುದು ಹೇಗೆ ಎಂದು ತೋರಿಸಲು ಕುಮಾರಸ್ವಾಮಿ ಲೇಔಟ್‌ನ ಒಂದು ಪ್ರೌಢಶಾಲೆಯಲ್ಲಿ ಎರಡು ಅವಧಿಗಳ ಮಾದರಿ ಪಾಠ ಮಾಡಿದೆ. ನಮ್ಮ ಪ್ರಶಿಕ್ಷಣಾರ್ಥಿಗಳು ಹಿಂದಿನ ಸಾಲಿನಲ್ಲಿ ಕುಳಿತು ಅವಲೋಕನ ಪತ್ರ ತುಂಬಿದರು. ಅದರ ಯೋಜನೆ, ನಡೆದ ಬಗೆ ಮತ್ತು ಅನಂತರದ ಚರ್ಚೆಯನ್ನು ಇಲ್ಲಿ ಕೊಟ್ಟಿದ್ದೇನೆ.

ವಿಷಯವಸ್ತು: ಗೋವಾದ ನೀರಿನಡಿ ಮಂಗಳೂರಿನ ಹೆಸರು

ನೀರಿನಡಿಯ ಪುರಾತತ್ವ ಎಂದರೆ ಮಕ್ಕಳಿಗೆ ನೆನಪಾಗುವುದು ದ್ವಾರಕೆ. ದ್ವಾರಕೆಯ ಸಮುದ್ರ ಶೋಧನೆಯನ್ನು ನಡೆಸಿದ ಶಿಕಾರಿಪುರ ರಂಗನಾಥ ರಾವ್ ಅವರು ಕನ್ನಡಿಗರು. ಲೋಥಲ್ ಉತ್ಖನನದಿಂದ ಹೆಸರಾದ ಅವರು ಮುಂದೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವ ವಿಭಾಗವನ್ನು ಕಟ್ಟಿದರು. 2013ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಪಾಠಕ್ಕೆ ಪೀಠಿಕೆಯಾಗಿ ಇಷ್ಟನ್ನು ಹೇಳಿದೆ. ಆದರೆ ಪಾಠದ ವಸ್ತು ದ್ವಾರಕೆಯಲ್ಲ. ಅದೇ ಸಂಸ್ಥೆಯ ಮುಳುಗು ತಜ್ಞರು ಗೋವಾ ಕರಾವಳಿಯ ಸೇಂಟ್ ಜಾರ್ಜ್ ರೀಫ್ ಎಂಬ ಬಂಡೆಸಾಲಿನ ಬಳಿ ಪರಿಶೀಲಿಸಿದ, ಹೆಸರು ತಿಳಿಯದ ಒಂದು ಹಡಗಿನ ಅವಶೇಷ.

ಅಲ್ಲಿ ಸಿಕ್ಕಿದ್ದು ಚಿನ್ನವಲ್ಲ, ಸುಟ್ಟ ಮಣ್ಣಿನ ಕಟ್ಟಡ ಸಾಮಗ್ರಿ. ಛಾವಣಿಯ ನೆತ್ತಿಗೆ ಕೂರಿಸುವ ಹೆಂಚು, ನೆಲಕ್ಕೆ ಹಾಸುವ ಬಿಲ್ಲೆ, ಹೊಗೆಗೂಡಿನ ಇಟ್ಟಿಗೆ, ನೀರು ಹೋಗುವ ಕೊಳವೆ, ಕಂಬದ ತಲೆಗೆ ಇಡುವ ಕೊರಿಂಥಿಯನ್ ಶೈಲಿಯ ಎಲೆ ಅಲಂಕಾರದ ಬೋದಿಗೆ. ಕೆಲವು ವಸ್ತುಗಳ ಮೇಲೆ ಒತ್ತಿದ ಅಕ್ಷರಗಳಿದ್ದವು: ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’.

ಬಾಸೆಲ್ ಮಿಷನ್ ನಮಗೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಈ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೊಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟೆಲ್ ಇಬ್ಬರೂ ಈ ಮಿಷನ್ನಿನವರೇ. ಅದರ ಹೆಂಚಿನ ಕಾರ್ಖಾನೆ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ 1865ರಲ್ಲಿ ಆರಂಭವಾಯಿತು. ನಾವು ‘ಮಂಗಳೂರು ಹೆಂಚು’ ಎಂದು ಕರೆಯುವುದರ ಮೂಲ ಅಲ್ಲಿದೆ.

ಈ ವಸ್ತುವನ್ನು ಆರಿಸಿಕೊಳ್ಳಲು ಕಾರಣ ಎರಡು. ಒಂದು, ಆಧಾರದ ಮೇಲೆಯೇ ಇಸವಿ ಇದೆ. ಹಾಗಾಗಿ ಮಕ್ಕಳು ಅವಸರದ ತೀರ್ಮಾನಕ್ಕೆ ಬರುವುದು ಬಹುತೇಕ ಖಚಿತ, ಪಾಠ ಅಲ್ಲಿಂದಲೇ ಹುಟ್ಟುತ್ತದೆ. ಎರಡು, ಹೆಂಚು ಕೈಗೆ ಸಿಗುವ ವಸ್ತು. ಕುಮಾರಸ್ವಾಮಿ ಲೇಔಟ್‌ನ ಮನೆಗಳು ಬಹುಪಾಲು ತಾರಸಿಯವು. ಆದರೆ ಸುತ್ತಲಿನ ಯಲಚೇನಹಳ್ಳಿ, ಕದಿರೇನಹಳ್ಳಿಗಳ ಹಳೆಯ ಊರ ಬೀದಿಗಳಲ್ಲಿ ಹೆಂಚಿನ ಮನೆ ಇನ್ನೂ ಕಾಣುತ್ತದೆ. ಕರಾವಳಿಯಲ್ಲಿ ಅಜ್ಜಿಮನೆ ಇರುವ ಮಕ್ಕಳೂ ತರಗತಿಯಲ್ಲಿದ್ದರು.

ಕಲಿಕಾ ಫಲಗಳು

1. ವಸ್ತುವಿನ ಮೇಲಿನ ಇಸವಿಗೂ ಘಟನೆಯ ಇಸವಿಗೂ ಇರುವ ವ್ಯತ್ಯಾಸವನ್ನು ವಿವರಿಸುವುದು.
2. ಒಂದು ಹೇಳಿಕೆಯನ್ನು ‘ಗೊತ್ತು’, ‘ಊಹೆ’, ‘ಇನ್ನೂ ಬೇಕು’ ಎಂಬ ಮೂರು ಅಂಕಣಗಳಲ್ಲಿ ಸರಿಯಾದ ಜಾಗದಲ್ಲಿಡುವುದು.
3. ವಸ್ತುವನ್ನು ಅಲುಗಿಸದೆ ಅದರ ಸ್ಥಾನವನ್ನು ಅಳೆದು ನಕ್ಷೆಯಲ್ಲಿ ಗುರುತಿಸುವುದು.
4. ವಸ್ತುವನ್ನು ಇದ್ದಲ್ಲೇ ಬಿಡುವುದರ ಕಾರಣವನ್ನು ಹೇಳುವುದು.

ಬೋಧನೋಪಕರಣಗಳು

ಹಳೇ ಮನೆ ಸಾಮಾನು ಮಾರುವ ಕಡೆಯಿಂದ ತಂದ ನಾಲ್ಕು ಹೆಂಚು, ಒಂದು ಮಡಕೆ ಚೂರು, ತುಕ್ಕು ಹಿಡಿದ ಬೀಗ, ಗಾಜಿನ ಬಾಟಲಿ, ಹಿತ್ತಾಳೆ ನಲ್ಲಿ, ಎರಡು ಅಳತೆ ಟೇಪು, ಗೂಟ, ಹುರಿ, ಪೆನ್ಸಿಲ್ ಕಟ್ಟಿದ ರಟ್ಟಿನ ಹಲಗೆಗಳು, ಕೈವಾರ, ಬಟರ್ ಪೇಪರ್ ಅಂಟಿಸಿದ ರಟ್ಟಿನ ಕನ್ನಡಕಗಳು. ಒಟ್ಟು ಖರ್ಚು ಒಂದು ಚಾರ್ಟು ಮಾಡಿಸುವುದಕ್ಕಿಂತ ಹೆಚ್ಚಲ್ಲ.

ಮೊದಲ ಅವಧಿ: ಅಂಗಳದಲ್ಲಿ ಸಮುದ್ರ

ಶಾಲೆಯ ಹಿಂದಿನ ಅಂಗಳದಲ್ಲಿ 8 ಮೀಟರ್ ಅಂತರಕ್ಕೆ ಎರಡು ಗೂಟ ನೆಟ್ಟು ಹುರಿ ಬಿಗಿದೆ. ಇದೇ ಆಧಾರರೇಖೆ. ಅದರ ಎರಡೂ ಬದಿಗೆ ವಸ್ತುಗಳನ್ನು ಹರಡಿದ್ದೆ. ಮಕ್ಕಳಿಗೆ ನಾಲ್ಕು ನಿಯಮ ಹೇಳಿದೆ: ಇಬ್ಬಿಬ್ಬರಾಗಿ ಹೋಗಬೇಕು, ಮಾತಾಡಬಾರದು, ಏನನ್ನೂ ಮುಟ್ಟಬಾರದು, ನಾಲ್ಕು ನಿಮಿಷಕ್ಕೆ ಹೊರಗೆ ಬರಬೇಕು.

ಪ್ರತಿ ನಿಯಮದ ಹಿಂದೆ ನೀರಿನಡಿಯ ಕೆಲಸದ ಒಂದು ಸತ್ಯವಿದೆ. ಮುಳುಗು ತಜ್ಞರು ಜೊತೆಗಾರರಿಲ್ಲದೆ ಇಳಿಯುವುದಿಲ್ಲ. ಬಾಯಲ್ಲಿ ಉಸಿರಿನ ಕೊಳವೆ ಇರುವುದರಿಂದ ಮಾತು ಸಾಧ್ಯವಿಲ್ಲ, ಕೈಸನ್ನೆಯೇ ಭಾಷೆ. ಕದಡಿದ ನೀರಿನಲ್ಲಿ ಕಣ್ಣಿಗೆ ಕಾಣುವುದು ಸ್ವಲ್ಪವೇ, ಬಟರ್ ಪೇಪರ್ ಕನ್ನಡಕ ಅದಕ್ಕಾಗಿ. ಇನ್ನು ಸಮಯ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಮೇಲ್ಮೈಯಲ್ಲಿದ್ದುದರ ಎರಡರಷ್ಟಾಗುತ್ತದೆ. ಆ ಆಳದಲ್ಲಿ ಪ್ರತಿ ಉಸಿರಿಗೂ ಎರಡರಷ್ಟು ಗಾಳಿ ಬೇಕು, ಆದ್ದರಿಂದ ಸಿಲಿಂಡರ್ ಅರ್ಧ ಹೊತ್ತಿಗೇ ಖಾಲಿಯಾಗುತ್ತದೆ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಬಲ ಮತ್ತು ಒತ್ತಡ’ ಓದುವ ಮಕ್ಕಳಿಗೆ ಇದು ಸಹಸಂಬಂಧದ ಒಳ್ಳೆಯ ಅವಕಾಶ.

ಅಳತೆಯ ವಿಧಾನವನ್ನು ಒಂದೇ ಉದಾಹರಣೆಯಿಂದ ತೋರಿಸಿದೆ. ಹುರಿಯ ಸೊನ್ನೆ ತುದಿಯಿಂದ ಹೆಂಚಿಗೆ ಎಷ್ಟು ದೂರ? 5 ಮೀಟರ್. 8 ಮೀಟರ್ ತುದಿಯಿಂದ? 6.40 ಮೀಟರ್. ಕಾಗದದ ಮೇಲೆ 1 ಮೀಟರಿಗೆ 1 ಸೆಂಟಿಮೀಟರ್ ಎಂದಿಟ್ಟುಕೊಂಡು ಆಧಾರರೇಖೆ ಎಳೆದು, ಎರಡು ತುದಿಗಳಿಂದ ಕೈವಾರದಲ್ಲಿ ಕಂಸ ಎಳೆದರೆ ಅವು ಕೂಡುವ ಜಾಗವೇ ಹೆಂಚಿನ ಜಾಗ. ಆದರೆ ಕಂಸಗಳು ರೇಖೆಯ ಮೇಲೊಂದು, ಕೆಳಗೊಂದು, ಹೀಗೆ ಎರಡು ಕಡೆ ಕೂಡುತ್ತವೆ. ಎಡವೋ ಬಲವೋ ಎಂದು ಹಲಗೆಯ ಮೇಲೆ ಬರೆದುಕೊಳ್ಳದ ಜೋಡಿಗೆ ಹೆಂಚು ಎಲ್ಲಿತ್ತೆಂದು ಹೇಳಲಾಗಲಿಲ್ಲ. ‘ಮತ್ತೊಂದು ಸಲ ನೋಡಿ ಬರ್ತೀವಿ ಸಾರ್’ ಎಂದರು. ಸಮುದ್ರದಲ್ಲಾದರೆ ಮತ್ತೊಂದು ಸಲ ಎಂದರೆ ಮತ್ತೊಂದು ಸಿಲಿಂಡರ್, ಕೆಲವೊಮ್ಮೆ ಮತ್ತೊಂದು ದಿನ ಎಂದೆ. ಅನಂತರ ಹೋದ ಜೋಡಿಗಳು ಯಾರೂ ಹೇಳದೆಯೇ ಬದಿಯನ್ನು ಬರೆದುಕೊಂಡವು.

ಇನ್ನೊಂದು ಜೋಡಿ ಹಿಡಿದ ಟೇಪು ನಡುವೆ ಜೋತುಬಿದ್ದಿತ್ತು. ಅವರ ಅಳತೆ 6.90 ಬಂತು. ಎರಡು ಜೋಡಿಗಳ ನಕ್ಷೆ ತಾಳೆಯಾಗಲಿಲ್ಲ. ಯಾರದು ಸರಿ ಎಂದು ಕೈ ಎತ್ತಿಸುವ ಬದಲು ಹುರಿಯ ಮಧ್ಯಬಿಂದುವಿನಿಂದ ಮೂರನೆಯ ಅಳತೆ ತರಲು ಕಳಿಸಿದೆ. ಮೂರನೆಯ ಕಂಸ ಮೊದಲ ಜೋಡಿಯ ಬಿಂದುವಿನಲ್ಲೇ ಹಾದುಹೋಯಿತು. ಬಹುಮತದಿಂದಲ್ಲ, ಇನ್ನೊಂದು ಅಳತೆಯಿಂದ ಜಗಳ ತೀರುತ್ತದೆ ಎಂಬುದು ಇಡೀ ಪಾಠಕ್ಕೆ ತಳಹದಿ.

ಎರಡನೆಯ ಅವಧಿ: ಹೆಂಚಿನ ಮಾತು, ನಮ್ಮ ಮಾತು

ಈಗ ನಿಜವಾದ ಹಡಗಿನ ವಿಷಯಕ್ಕೆ ಬಂದೆ. ಸೇಂಟ್ ಜಾರ್ಜ್ ರೀಫ್‌ನಲ್ಲಿ ಸಿಕ್ಕ ವಸ್ತುಗಳ ಪಟ್ಟಿಯನ್ನು, ಒತ್ತಿದ ಅಕ್ಷರಗಳ ಸಹಿತ, ಕಪ್ಪುಹಲಗೆಯ ಎಡಬದಿಗೆ ಬರೆದೆ. ಒಂದೇ ಪ್ರಶ್ನೆ ಕೇಳಿದೆ: ‘ಹಡಗು ಯಾವಾಗ ಮುಳುಗಿತು?’

‘1865!’ ಎಂದು ತರಗತಿ ಒಕ್ಕೊರಲಿನಿಂದ ಕೂಗಿತು.

ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಇಸವಿಯನ್ನು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಎಷ್ಟು ಜನಕ್ಕೆ ಗೊತ್ತು ಎಂದು ಕೇಳಿದೆ. ಬಹಳ ಕೈಗಳು ಮೇಲೆದ್ದವು. ‘ಅದು ಶುರುವಾದದ್ದು 1943ರಲ್ಲಿ. ದೋಸೆ ಕಟ್ಟಿಕೊಡುವ ಪೊಟ್ಟಣದ ಮೇಲೆ 1943 ಎಂದು ಅಚ್ಚು ಹಾಕಿದ್ದರೆ, ಒಳಗಿನ ದೋಸೆ ಯಾವ ಇಸವಿಯದು?’

ನಗು ನಿಂತ ಮೇಲೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು, ‘ಹಾಗಾದ್ರೆ 1865 ಫ್ಯಾಕ್ಟರಿ ಶುರುವಾದ ವರ್ಷ ಸಾರ್, ಹೆಂಚು ಮಾಡಿದ ವರ್ಷ ಅಲ್ಲ’ ಎಂದಳು. ಈ ವಾಕ್ಯ ಶಿಕ್ಷಕರ ಬಾಯಿಂದ ಬರಬಾರದು. ಅದು ತರಗತಿಯಿಂದ ಬರುವವರೆಗೆ ಕಾಯುವುದೇ ಈ ಪಾಠದಲ್ಲಿ ಶಿಕ್ಷಕರ ಮುಖ್ಯ ಕೆಲಸ.

ಮುಂದಿನ ಪ್ರಶ್ನೆ: ‘ಹಾಗಿದ್ದರೆ 1865ರಿಂದ ಏನೂ ತಿಳಿಯುವುದಿಲ್ಲವೇ?’ ಚರ್ಚೆಯ ನಂತರ ಬಂದ ಉತ್ತರ: ಕಾರ್ಖಾನೆ ಹುಟ್ಟುವ ಮೊದಲೇ ಅದರ ಹೆಂಚು ಹಡಗು ಹತ್ತಲಾರದು. ಆದ್ದರಿಂದ ಹಡಗು 1865ಕ್ಕಿಂತ ಮುಂಚೆ ಮುಳುಗಿರಲು ಸಾಧ್ಯವಿಲ್ಲ. ಇದು ‘ಗೊತ್ತು’ ಅಂಕಣಕ್ಕೆ ಹೋಯಿತು.

ಇನ್ನೊಂದು ಬದಿಯ ಗಡಿಗೆ ಒಂದು ಸಂಗತಿಯನ್ನು ನಾನೇ ಒದಗಿಸಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದವು. ಅಂದರೆ ಮಿಷನ್ನಿನ ಹೆಸರು ಹೊತ್ತ ಹೆಂಚು ತಯಾರಾದದ್ದು ಅದಕ್ಕೂ ಮುಂಚೆ ಎನ್ನಬಹುದು. ‘ಹಡಗು ಮುಳುಗಿದ್ದೂ ಅದಕ್ಕೂ ಮುಂಚೆಯೇ?’ ಎಂದು ಕೇಳಿದೆ. ಹೆಚ್ಚಿನವರು ಹೌದು ಎಂದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಒಪ್ಪಲಿಲ್ಲ. ಅವರ ಬೀದಿಯಲ್ಲಿ ಹಳೆಯ ಮನೆ ಕೆಡವಿದಾಗ ಹೆಂಚುಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದದ್ದನ್ನು ಅವನು ನೋಡಿದ್ದ. ‘ಹಳೇ ಹೆಂಚನ್ನೂ ಸಾಗಿಸ್ತಾರಲ್ವಾ ಸಾರ್?’ ಎಂದ.

ಪಾಠದ ಅತ್ಯಂತ ಬೆಲೆಯುಳ್ಳ ಮಾತು ಇದು. ಎರಡು ಗಡಿಗಳೂ ಒಂದೇ ಬಲದವಲ್ಲ. ಇಲ್ಲದ ಹೆಂಚನ್ನು ಹೇರಲಾಗದು, ಆದ್ದರಿಂದ ಮೊದಲ ಗಡಿ ಗಟ್ಟಿ. ಹಳೆಯ ಹೆಂಚನ್ನು ಎಷ್ಟು ವರ್ಷಗಳ ನಂತರವೂ ಹೇರಬಹುದು, ಆದ್ದರಿಂದ ಎರಡನೆಯ ಗಡಿ ಸಡಿಲ. ಬಳಸಿದ ಹೆಂಚೋ ಹೊಸದೋ ಎಂಬುದನ್ನು ಪರೀಕ್ಷಿಸಿದರೆ ಅದು ಸ್ವಲ್ಪ ಬಿಗಿಯಾದೀತು. ಆ ಸಾಲು ‘ಇನ್ನೂ ಬೇಕು’ ಅಂಕಣಕ್ಕೆ ಹೋಯಿತು.

ಉಳಿದ ಹೇಳಿಕೆಗಳನ್ನು ಗುಂಪುಗಳೇ ವಿಂಗಡಿಸಿದವು. ‘ಹೆಂಚು ಹಡಗಿನ ಭಾಗವಲ್ಲ, ಸರಕು’ ಎಂಬುದನ್ನು ಎಲ್ಲ ಗುಂಪುಗಳೂ ‘ಗೊತ್ತು’ ಎಂದು ಬರೆದವು. ಹಡಗಿಗೆ ಕಂಬದ ಬೋದಿಗೆಯೂ ಮನೆಯ ಮಾಡಿನ ಹೆಂಚೂ ಬೇಕಿಲ್ಲ ಎಂಬುದು ಅವರ ಕಾರಣ. ‘ಹಡಗು ಮಂಗಳೂರಿನಿಂದ ಹೊರಟಿತು’ ಎಂಬುದನ್ನು ಮೊದಲು ‘ಗೊತ್ತು’ ಎಂದವರು, ಮಿಷನ್ನಿಗೆ ಮಲಬಾರಿನಲ್ಲೂ ಹೆಂಚಿನ ಕಾರ್ಖಾನೆಗಳಿದ್ದವು ಎಂದು ತಿಳಿದ ಮೇಲೆ ‘ಊಹೆ’ಗೆ ಸರಿಸಿದರು. ‘ಮುಂಬಯಿಗೆ ಹೋಗುತ್ತಿತ್ತು’ ಎಂಬುದೂ ಊಹೆಯೇ ಆಯಿತು.

ಹೋಲಿಕೆಗಾಗಿ ಗೋವಾದ ಇನ್ನೊಂದು ಅವಶೇಷವನ್ನು ಹೇಳಿದೆ. ಸುಂಚಿ ರೀಫ್ ಬಳಿ ಫಿರಂಗಿಗಳ ಜೊತೆ ಆನೆ ದಂತ, ನೀರುಕುದುರೆಯ ಹಲ್ಲು ಸಿಕ್ಕಿವೆ. ನೀರುಕುದುರೆ ನಮ್ಮ ಕಾಡಿನ ಪ್ರಾಣಿಯಲ್ಲ, ಆದ್ದರಿಂದ ಆ ಸರಕು ಆಫ್ರಿಕದ ಕಡೆಗೆ ಬೊಟ್ಟು ಮಾಡುತ್ತದೆ. ಒಂದರಲ್ಲಿ ಅಕ್ಷರ ಮಾತಾಡುತ್ತದೆ, ಇನ್ನೊಂದರಲ್ಲಿ ಹಲ್ಲು. ಎರಡೂ ಪುರಾತತ್ವ ಆಧಾರಗಳೇ.

ಇದ್ದಲ್ಲೇ ಬಿಡುವುದು ಏಕೆ?

‘ಒಂದು ಹೆಂಚು ಮನೆಗೆ ತಂದರೆ ಏನಾಗುತ್ತೆ?’ ಎಂಬ ಪ್ರಶ್ನೆ ತರಗತಿಯಿಂದ ಬಂತು. ಅಂಗಳದ ನಕ್ಷೆಯನ್ನೇ ಉತ್ತರವಾಗಿ ಬಳಸಿದೆ. ನಕ್ಷೆಯಲ್ಲಿ ಹೆಂಚುಗಳು ಒಂದು ಕಡೆ, ಬೀಗ, ಬಾಟಲಿಗಳು ಇನ್ನೊಂದು ಕಡೆ ಇದ್ದವು. ಒಂದು ಕಡೆ ಸರಕು, ಇನ್ನೊಂದು ಕಡೆ ಜನ ಇದ್ದಿರಬಹುದು ಎಂದು ಮಕ್ಕಳೇ ಊಹಿಸಿದ್ದರು. ಎರಡು ಹೆಂಚು, ಒಂದು ಬಾಟಲಿಯನ್ನು ಅಳಿಸಿ, ಈಗ ಹೇಳಿ ಎಂದೆ. ಊಹೆಗೆ ಇದ್ದ ನೆಲೆ ಹೋಗಿತ್ತು. ವಸ್ತುವಿನಷ್ಟೇ ಅದು ಇದ್ದ ಜಾಗವೂ ಆಧಾರ. ಯುನೆಸ್ಕೋ 2001ರಲ್ಲಿ ಅಂಗೀಕರಿಸಿದ ನೀರಿನಡಿಯ ಸಾಂಸ್ಕೃತಿಕ ಪರಂಪರೆಯ ಒಪ್ಪಂದವೂ, 100 ವರ್ಷವಾದರೂ ನೀರಿನಲ್ಲಿದ್ದ ಇಂಥ ಅವಶೇಷಗಳ ವಿಷಯದಲ್ಲಿ, ಇದ್ದಲ್ಲೇ ಉಳಿಸುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆನ್ನುತ್ತದೆ.

ಇಂಥ ಕೆಲಸ ವಿಜ್ಞಾನಿಗಳಿಗೆ ಮಾತ್ರವೇ ಎಂಬುದು ಇನ್ನೊಂದು ಪ್ರಶ್ನೆ. ಇಂಗ್ಲೆಂಡಿನ ‘ಮೇರಿ ರೋಸ್’ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತುವ ಮೊದಲು ಸುಮಾರು 500 ಸ್ವಯಂಸೇವಕರು ಮುಳುಗಿ ಅಳತೆ, ದಾಖಲೆಗೆ ನೆರವಾದರು ಎಂದು ಹೇಳಿದೆ. ನಮ್ಮ ಊರಿನಲ್ಲಿಯೂ ಹಾಗೆಯೇ. 1905ರಲ್ಲಿ ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇತ್ತೀಚಿನ ವರ್ಷಗಳಲ್ಲಿ ಆಸಕ್ತ ನಾಗರಿಕರು ಆ ಕಲ್ಲುಗಳು ಈಗ ಎಲ್ಲಿವೆ ಎಂದು ಬೀದಿ ಬೀದಿ ಹುಡುಕಿದರು. ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಅವುಗಳ ಡಿಜಿಟಲ್ ದಾಖಲೆಯೂ ನಡೆದಿದೆ. ನೀರಿನಡಿಯಾಗಲಿ, ನಗರದ ಕಾಂಕ್ರೀಟಿನ ನಡುವೆಯಾಗಲಿ, ಮೊದಲ ಕೆಲಸ ಹುಡುಕಿ, ಅಳೆದು, ಬರೆದಿಡುವುದು. ಅದಕ್ಕೆ ಶಿಸ್ತು ಬೇಕು, ಪದವಿಯೇ ಬೇಕೆಂದಿಲ್ಲ.

ಮೌಲ್ಯಮಾಪನ: ಬೆಂಕಿ ಆರಿಸುವ ದೋಣಿ

ಕಲಿತದ್ದನ್ನು ಹೊಸ ಸನ್ನಿವೇಶಕ್ಕೆ ಅನ್ವಯಿಸುತ್ತಾರೆಯೇ ಎಂದು ನೋಡಲು ಬೇರೊಂದು ಹಡಗು ಬೇಕಿತ್ತು. ಏಪ್ರಿಲ್ 14ರ ಅಗ್ನಿಶಾಮಕ ಸೇವಾ ದಿನದ ಹಿನ್ನೆಲೆಯನ್ನು ಹೇಳಿದೆ: 1944ರ ಆ ದಿನ ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿಯಿತು, 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ದೊಡ್ಡ ಬಂದರುಗಳಲ್ಲಿ ಬೆಂಕಿ ಆರಿಸಲೆಂದೇ ದೋಣಿಗಳಿರುತ್ತವೆ. ಅಂಥದೊಂದು ಹಳೆಯ ದೋಣಿ ಮುಳುಗಿದೆ, ನೀವು ಸ್ವಯಂಸೇವಕರಾಗಿ ಸಮೀಕ್ಷೆಗೆ ಇಳಿದಿದ್ದೀರಿ ಎಂದುಕೊಳ್ಳಿ ಎಂದು ಮೂರು ಪ್ರಶ್ನೆ ಕೊಟ್ಟೆ.

1. ಅದು ಬೆಂಕಿ ಆರಿಸುವ ದೋಣಿಯೇ ಎಂದು ತಿಳಿಯಲು ಏನನ್ನು ಹುಡುಕುವಿರಿ?
2. ಅದರಲ್ಲಿ ದೊಡ್ಡ ನೀರಿನ ತೊಟ್ಟಿ ಸಿಗದಿದ್ದರೆ ನಿಮ್ಮ ಊಹೆ ತಪ್ಪೆಂದು ಅರ್ಥವೇ?
3. ಪಂಪಿನ ಮೇಲೆ 1920 ಎಂದಿದೆ. ದೋಣಿ ಯಾವಾಗ ಮುಳುಗಿತು?

ಮೊದಲನೆಯದಕ್ಕೆ ದೊಡ್ಡ ಪಂಪು, ದಪ್ಪ ಕೊಳವೆ, ನೀರು ಚಿಮ್ಮಿಸುವ ತಿರುಗು ಮೂತಿ ಎಂಬ ಉತ್ತರ ನಿರೀಕ್ಷಿತ. ಎರಡನೆಯದು ಯೋಚನೆಯನ್ನು ಅಳೆಯುತ್ತದೆ. ರಸ್ತೆಯ ಅಗ್ನಿಶಾಮಕ ವಾಹನ ನೀರು ಹೊತ್ತು ಬರುತ್ತದೆ, ದೋಣಿ ತಾನು ನಿಂತ ನೀರನ್ನೇ ಎಳೆದು ಚಿಮ್ಮಿಸುತ್ತದೆ. ತೊಟ್ಟಿ ಇಲ್ಲದಿರುವುದರಿಂದ ಊಹೆಗೆ ಧಕ್ಕೆಯಿಲ್ಲ. ಮೂರನೆಯದಕ್ಕೆ ‘1920 ಅಥವಾ ನಂತರ’ ಎಂದು ಬರೆದು ನಿಲ್ಲಿಸಿದ ಉತ್ತರಕ್ಕೂ ಅಂಕ ಕೊಟ್ಟೆ. ‘ಪಂಪನ್ನು ಆಮೇಲೆ ಬದಲಾಯಿಸಿರಬಹುದು, ದೋಣಿ ಇನ್ನೂ ಹಳೆಯದಿರಬಹುದು’ ಎಂದು ಸೇರಿಸಿದವರಿಗೆ ಪೂರ್ಣ ಅಂಕ.

ಪಾಠಾನಂತರದ ಚರ್ಚೆ

ಶಾಲೆಯ ಮಾರ್ಗದರ್ಶಕ ಶಿಕ್ಷಕರ ಪ್ರಶ್ನೆ ನೇರವಾಗಿತ್ತು: ‘ಪರೀಕ್ಷೆಯಲ್ಲಿ ಪುರಾತತ್ವ ಆಧಾರಗಳನ್ನು ಹೆಸರಿಸಿ ಎಂದು ಕೇಳ್ತಾರೆ. ಇದಕ್ಕೆ ಎರಡು ಅವಧಿ ಎಲ್ಲಿಂದ ತರೋಣ?’ ಇದನ್ನು ತಳ್ಳಿಹಾಕುವಂತಿಲ್ಲ. ಪಠ್ಯ ಮುಗಿಸುವ ಹೊಣೆ ಅವರದು, ಬೋಧನಾಭ್ಯಾಸ ಮುಗಿಸಿ ಹೊರಡುವವರು ನಾವು. ಅದಕ್ಕೆಂದೇ ಎರಡನೆಯ ಅವಧಿಯ ಕೊನೆಯ ಎಂಟು ನಿಮಿಷಗಳನ್ನು ಪಠ್ಯದ ವಿಂಗಡಣೆಗೆ ಮೀಸಲಿಟ್ಟಿದ್ದೆ. ಒತ್ತಿದ ಅಕ್ಷರ, ಹೆಂಚು, ದಂತ, ಕಲ್ಲು ಒಂದೊಂದೂ ಯಾವ ಶೀರ್ಷಿಕೆಯ ಕೆಳಗೆ ಬರುತ್ತದೆ ಎಂದು ಮಕ್ಕಳು ಬರೆದರು. ಒಂದೇ ಅವಧಿ ಸಿಗುವ ಕಡೆ ಅಂಗಳದ ಚಟುವಟಿಕೆ ಬಿಟ್ಟು ಮೂರು ಅಂಕಣಗಳ ಭಾಗವನ್ನಾದರೂ ಉಳಿಸಿಕೊಳ್ಳಬೇಕು.

ಪ್ರಶಿಕ್ಷಣಾರ್ಥಿಗಳ ಆತಂಕ ಬೇರೆ. ತರಗತಿ ‘1865’ ಎಂದು ಕೂಗಿದ ಮೇಲೆ ಸುಮ್ಮನಿದ್ದರೆ, ಅವಲೋಕನ ಪತ್ರದ ‘ತಪ್ಪು ಉತ್ತರಗಳನ್ನು ತಿದ್ದುವುದು’ ಎಂಬ ಸಾಲಿನಲ್ಲಿ ಅಂಕ ಹೋಗುವುದಿಲ್ಲವೇ? ಈ ಪ್ರಶ್ನೆ ನಮ್ಮಂಥ ಬೋಧಕರಿಗೆ ಹಾಕಿದ್ದು. ತಿದ್ದುವುದೆಂದರೆ ತಕ್ಷಣ ಸರಿಯುತ್ತರ ಹೇಳುವುದು ಎಂದು ನಾವು ಓದಿಕೊಂಡರೆ, ಪ್ರಶಿಕ್ಷಣಾರ್ಥಿ ಮಕ್ಕಳ ಯೋಚನೆಗೆ ಎಡೆ ಕೊಡಲಾರರು. ಮಕ್ಕಳು ತಾವೇ ತಿದ್ದಿಕೊಳ್ಳುವಂಥ ಮರುಪ್ರಶ್ನೆ ಬಂದಿದೆಯೇ ಎಂಬುದನ್ನು ಆ ಸಾಲಿನಲ್ಲಿ ನೋಡಬೇಕು ಎಂದು ನಮ್ಮ ವಿಭಾಗದಲ್ಲಿ ಒಪ್ಪಿಕೊಂಡಿದ್ದೇವೆ.

ಈ ಪಾಠವನ್ನು ಬಳಸುವವರಿಗೆ ಮೂರು ಸೂಚನೆ. ನಿಮ್ಮ ಶಾಲೆಯ ಸುತ್ತ ಸಿಗುವ, ಇಸವಿ ಇರುವ ಯಾವ ವಸ್ತುವಾದರೂ ಆದೀತು: ಹಳೆಯ ಬೀಗ, ತೂಕದ ಬಟ್ಟು, ಗಡಿಯಾರ. ಮೂರು ಅಂಕಣಗಳನ್ನು ಮೊದಲೇ ತುಂಬಿದ ಚಾರ್ಟು ತರಬೇಡಿ, ಖಾಲಿಯಾಗಿಯೇ ತನ್ನಿ. ಪಾಠ ಮುಗಿದಾಗ ‘ಇನ್ನೂ ಬೇಕು’ ಅಂಕಣದಲ್ಲಿ ಒಂದು ಸಾಲಾದರೂ ಉಳಿದಿರಲಿ. ಅದನ್ನು ಅಳಿಸದೆ ಹಲಗೆಯ ಮೂಲೆಯಲ್ಲಿ ಬಿಟ್ಟು ಬಂದರೆ, ಮರುದಿನದ ಪೂರ್ವಜ್ಞಾನದ ಪ್ರಶ್ನೆಗೆ ಬೇರೆಲ್ಲೂ ಹುಡುಕಬೇಕಾಗುವುದಿಲ್ಲ.